ಅರಿಶಿನ ಪುಡಿಯ ಪರೀಕ್ಷೆ: ಕೆಲಸ ಎಲ್ಲಿವರೆಗೆ ಬಂತು

ಗಿಡಮೂಲಿಕೆ ಔಷಧಿ ತಯಾರಿಸುವ ಕಡೆ ಕಚ್ಚಾ ಮಾಲು ಬಂದಾಗ ಮಾಡುವ ಪರೀಕ್ಷೆಗಳಲ್ಲಿ ಒಬ್ಬ ಹವ್ಯಾಸಿಗೆ ಎಷ್ಟು ಸಾಧ್ಯ ಅಂತ ನೋಡುವುದು ಈ ಪ್ರಾಜೆಕ್ಟ್. ಮೊದಲ ಸರದಿ ಅರಿಶಿನದ್ದು. ಮೈಕ್ರೋಸ್ಕೋಪ್ ಕೆಲಸ ಬಹುತೇಕ ಮುಗಿದಿದೆ, ಟಿಎಲ್‌ಸಿ (ಪ್ಲೇಟ್ ಮೇಲೆ ದ್ರಾವಕ ಏರಿಸಿ ಪುಡಿಯ ಅಂಶಗಳನ್ನು ಬೇರ್ಪಡಿಸುವ ಪರೀಕ್ಷೆ) ಶುರುವಾಗಿದೆ.

ಮೊದಲು ಅಯೋಡಿನ್ ವಿಷಯ. ‘ಪುಡಿಗೆ ಅಯೋಡಿನ್ ಹಾಕಿ, ನೀಲಿಯಾದರೆ ಹಿಟ್ಟು ಬೆರೆಸಿದ್ದಾರೆ’ ಅಂತ ತುಂಬಾ ಜನ ಹೇಳುತ್ತಾರೆ. ಅದನ್ನು ನಂಬಬೇಡಿ. ಅರಿಶಿನದಲ್ಲೇ ಬೇಕಾದಷ್ಟು ಪಿಷ್ಟ ಇದೆ. ಕೊಂಬು ಕುಟ್ಟಿ ನಾನೇ ಮಾಡಿದ ಪುಡಿಯೂ ನೀಲಿಯಾಗುತ್ತದೆ. ಪಿಷ್ಟ ಇದೆಯೋ ಇಲ್ಲವೋ ಅಂತ ಕೇಳಿ ಪ್ರಯೋಜನ ಇಲ್ಲ, ಅದು ಯಾವ ರೂಪದಲ್ಲಿದೆ ಅಂತ ನೋಡಬೇಕು.

ಅರಿಶಿನವನ್ನು ಕಿತ್ತ ಮೇಲೆ ಸಾಮಾನ್ಯವಾಗಿ ಬೇಯಿಸಿ ಒಣಗಿಸುತ್ತಾರೆ. ಬೇಯುವಾಗ ಪಿಷ್ಟದ ಕಣಗಳು ಉಬ್ಬಿ, ಒಂದಕ್ಕೊಂದು ಅಂಟಿ ಗಂಜಿಯಾಗುತ್ತವೆ. ಸ್ಲೈಡ್‌ನಲ್ಲಿ ಹಳದಿ ಮುದ್ದೆಗಳೇ ಜಾಸ್ತಿ. ಪಕ್ಕದಲ್ಲಿ ಬೇಯಿಸದೆ ಒಣಗಿಸಿದ ಶುಂಠಿ ಪುಡಿಯ ಸ್ಲೈಡ್ ಇಟ್ಟರೆ ವ್ಯತ್ಯಾಸ ಗೊತ್ತಾಗುತ್ತದೆ. ಅಲ್ಲಿ ಕಣಗಳು ಬಿಡಿಬಿಡಿಯಾಗಿ, ಚಪ್ಪಟೆಯಾಗಿ, ಒಂದು ತುದಿಯಲ್ಲಿ ಪುಟ್ಟ ಮೂತಿ ಇಟ್ಟುಕೊಂಡು ಕೂತಿರುತ್ತವೆ.

ಬೇಕಂತಲೇ ನನ್ನ ಪುಡಿಗೆ ನೂರಕ್ಕೆ ಐದು ಪಾಲು ಕಾರ್ನ್‌ಫ್ಲೋರ್ ಬೆರೆಸಿ ನೋಡಿದೆ. ಬರಿಗಣ್ಣಿಗೆ ಏನೂ ಗೊತ್ತಾಗಲಿಲ್ಲ. ಮೈಕ್ರೋಸ್ಕೋಪ್‌ನ ದೀಪದ ಮೇಲೊಂದು, ಐಪೀಸ್ ಮೇಲೊಂದು ಪೋಲರೈಸಿಂಗ್ ಫಿಲ್ಮ್ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಹಾಳೆ) ಇಟ್ಟು, ಬೆಳಕು ಆರುವವರೆಗೆ ಮೇಲಿನದನ್ನು ತಿರುಗಿಸಿದೆ. ಹಳದಿ ಮುದ್ದೆಗಳು ಕತ್ತಲಾದವು. ನಡುವೆ ಅಲ್ಲಲ್ಲಿ ಸಣ್ಣ ಬಿಳಿ ಚುಕ್ಕೆಗಳು ಹೊಳೆದವು, ಪ್ರತಿಯೊಂದರ ಮೇಲೂ ಕಪ್ಪು ಶಿಲುಬೆ. ಬೇಯದ ಪಿಷ್ಟದ ಗುರುತು ಅದೇ. ಸಸ್ಯದ ನಾರು, ಜೀವಕೋಶದ ಗೋಡೆಗಳೂ ಹೊಳೆಯುತ್ತವೆ, ಆದರೆ ಅವುಗಳಲ್ಲಿ ಶಿಲುಬೆ ಇರುವುದಿಲ್ಲ.

ಹಾಗಂತ ಶಿಲುಬೆ ಕಂಡ ಕೂಡಲೇ ಕಲಬೆರಕೆ ಅಂತ ಬರೆಯಲು ಆಗಲ್ಲ. ಸರಿಯಾಗಿ ಬೇಯದ ಅರಿಶಿನದಲ್ಲೂ, ಬೇಯಿಸದೆ ಹೆಚ್ಚಿ ಒಣಗಿಸಿದ್ದರಲ್ಲೂ ಹಸಿ ಕಣ ಇರುತ್ತವೆ. ಆಗ ಕಣದ ಆಕಾರ ನೋಡಬೇಕು. ಕಾರ್ನ್‌ಫ್ಲೋರ್‌ನ ಮೆಕ್ಕೆಜೋಳದ ಕಣಕ್ಕೆ ಮೂಲೆಗಳಿರುತ್ತವೆ, ಅರಿಶಿನದ್ದು ಉದ್ದುದ್ದ, ಚಪ್ಪಟೆ. ಅಸಲಿ ಅಂತ ಖಾತ್ರಿ ಇರುವ ಒಂದು ಸ್ಯಾಂಪಲ್ ಪಕ್ಕದಲ್ಲಿಲ್ಲದೆ ಈ ಕೆಲಸಕ್ಕೆ ಕೈ ಹಾಕಲೇಬಾರದು.

ಟಿಎಲ್‌ಸಿಯನ್ನು ಮನೇಲಿ ಮಾಡುತ್ತಿಲ್ಲ. ಕ್ಲೋರೋಫಾರ್ಮ್ ಬೇಕಾಗುತ್ತದೆ, ಹುಡ್ (ಆವಿಯನ್ನು ಹೊರಗೆಳೆಯುವ ಲ್ಯಾಬ್ ಗೂಡು) ಇಲ್ಲದೆ ಅದರ ಸಹವಾಸ ಬೇಡ. ಗೆಳೆಯನ ಲ್ಯಾಬ್‌ನಲ್ಲಿ ಸಿಲಿಕಾ ಪ್ಲೇಟ್ ಮೇಲೆ ಕ್ಲೋರೋಫಾರ್ಮ್–ಮೆಥನಾಲ್ 95:5 ಓಡಿಸಿದಾಗ ಮೂರು ಹಳದಿ ಪಟ್ಟಿ ಬಂದವು: ಮೇಲೆ ಅರಿಶಿನದ ಮುಖ್ಯ ಹಳದಿ ಅಂಶವಾದ ಕರ್ಕ್ಯುಮಿನ್, ಅದರ ಕೆಳಗೆ ಅದರದೇ ಬಳಗದ ಡಿಮೆಥಾಕ್ಸಿಕರ್ಕ್ಯುಮಿನ್, ಕೊನೆಗೆ ಬಿಸ್‌ಡಿಮೆಥಾಕ್ಸಿಕರ್ಕ್ಯುಮಿನ್. ಅರಿಶಿನದ ಸಾರ ಅಂತ ಬಂದ ಸರಕಿನಲ್ಲಿ ಮೇಲಿನದೊಂದೇ ಕಂಡರೆ ಅದು ಕಾರ್ಖಾನೆಯಲ್ಲಿ ರಾಸಾಯನಿಕವಾಗಿ ತಯಾರಿಸಿದ ಕರ್ಕ್ಯುಮಿನ್ ಇರಬಹುದು. ಸಾರಕ್ಕೆ ಸ್ವಲ್ಪ ಮಾತ್ರ ಬೆರೆಸಿದ್ದರೆ ಈ ಪ್ಲೇಟ್ ಹಿಡಿಯಲ್ಲ.

ತೇವಾಂಶ ಅಳೆಯಲು 105 ಡಿಗ್ರಿಯಲ್ಲಿ ಒಣಗಿಸಿ ತೂಗಬಹುದು, ಆದರೆ ಅರಿಶಿನದ ಎಣ್ಣೆಯೂ ನೀರಿನ ಜೊತೆ ಹಾರಿಹೋಗುತ್ತದೆ. ಟೊಲುವೀನ್ ಜೊತೆ ಬಟ್ಟಿ ಇಳಿಸಿ ನೀರನ್ನಷ್ಟೇ ಅಳೆಯುವುದು ಸರಿಯಾದ ದಾರಿ. ಸೀಸದ ತಂಟೆಗೆ ನಾನು ಹೋಗಲ್ಲ. ಬಣ್ಣಕ್ಕೆ ಲೆಡ್ ಕ್ರೋಮೇಟ್ (ಸೀಸ ಇರುವ ಹಳದಿ ಪುಡಿ) ಬೆರೆಸಿದ ಅನುಮಾನ ಇದ್ದರೆ ಐಸಿಪಿ-ಎಂಎಸ್ (ಅತಿ ಸಣ್ಣ ಪ್ರಮಾಣದ ಲೋಹವನ್ನೂ ಅಳೆಯುವ ಯಂತ್ರ) ಇರುವ ಲ್ಯಾಬ್‌ಗೆ ಕಳಿಸಬೇಕು.

ಮುಂದೆ ಬೂದಿ ಪರೀಕ್ಷೆ. ಪುಡಿಯನ್ನು ಪೂರ್ತಿ ಸುಟ್ಟು ತೂಗಿ, ಬೂದಿಯನ್ನು ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕುದಿಸಿದರೆ ಕರಗದೆ ಉಳಿಯುವುದು ಹೆಚ್ಚಾಗಿ ಮರಳು, ಮಣ್ಣು. ಪುಡಿ ಸುಡುವ ಕ್ರೂಸಿಬಲ್ ಬಟ್ಟಲು ಬಂದಿದೆ, ಫರ್ನೇಸ್ (ಕುಲುಮೆ) ಖಾಲಿಯಾಗಲಿ ಅಂತ ಕಾಯುತ್ತಿದ್ದೇನೆ.