ಎಲ್ಲಿಗೂ ಹೋಗದವನಿಗೆ ಆಕಾಶವಿಲ್ಲ

“ಎಲ್ಲಿಗೆ ಹೊರಟಿದ್ದೀರಿ?” ಎಂದು ಫೋನಿನ ಆ ತುದಿಯಲ್ಲಿದ್ದ ಮಹಿಳೆ ಕೇಳಿದರು. ವೈಮಾನಿಕರಿಗೆ ಹವಾಮಾನ ಮತ್ತು ನಿರ್ಬಂಧಗಳ ವಿವರ ಕೊಡುವುದು ಅವರ ಕೆಲಸ. ಎಲ್ಲಿಗೂ ಹೊರಟಿಲ್ಲ, ಮೇಲೇರಿ ಒಂದು ಸುತ್ತು ಹಾಕಿ ಇದೇ ನಿಲ್ದಾಣಕ್ಕೆ ಮರಳುತ್ತೇನೆ ಎಂದೆ. ಕೀಲಿಮಣೆಯ ಸದ್ದು ನಿಂತಿತು. “ಹಾಗಾದರೆ ಇವತ್ತು ಸಾಧ್ಯವಿಲ್ಲ, ಸರ್. ಎಲ್ಲಿಗಾದರೂ ಹೋಗುವುದಿದ್ದರೆ ಹೇಳಿ, ಬರೆದುಕೊಳ್ಳುತ್ತೇನೆ.” ಅವರ ದನಿಯಲ್ಲಿ ಗದರಿಕೆ ಇರಲಿಲ್ಲ, ಬದಲಿಗೆ, ಎಲ್ಲಿಗಾದರೂ ಹೋಗಲು ಒಪ್ಪಿಬಿಡಿ, ನಿಮಗೂ ಒಳ್ಳೆಯದು ಎಂಬಂಥ ಕಾಳಜಿಯೇ ಇತ್ತು. ವಾರವಿಡೀ ನನ್ನನ್ನು ಕೆರಳಿಸುತ್ತಿರುವುದು ಆ ಕಾಳಜಿಯೇ ಎನಿಸುತ್ತದೆ.

ಕಳೆದ ಭಾನುವಾರ, 2026ರ ಫೆಬ್ರವರಿ 8ರಂದು, ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾದಲ್ಲಿರುವ ಲೀವೈಸ್ ಕ್ರೀಡಾಂಗಣದಲ್ಲಿ ಅಮೆರಿಕನ್ ಫುಟ್‌ಬಾಲಿನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಇತ್ತು. ಇಂಥ ಪಂದ್ಯದ ದಿನ ಕ್ರೀಡಾಂಗಣವನ್ನು ನಡುವಿಟ್ಟು ನಕ್ಷೆಯ ಮೇಲೆ ಎರಡು ವೃತ್ತ ಎಳೆಯುತ್ತಾರೆ. ಹತ್ತು ನಾಟಿಕಲ್ ಮೈಲಿಯ, ಎಂದರೆ ಹದಿನೆಂಟೂವರೆ ಕಿಲೋಮೀಟರಿನ ಒಳವೃತ್ತದಲ್ಲಿ ನಿಗದಿತ ವೇಳೆಯ ಪ್ರಯಾಣಿಕ ವಿಮಾನ, ಪೊಲೀಸ್, ಆಂಬುಲೆನ್ಸ್ ಇಂಥವುಗಳ ಹೊರತು ಯಾರೂ ಹಾರುವಂತಿಲ್ಲ. ಪಾಲೋ ಆಲ್ಟೋ, ರೀಡ್ ಹಿಲ್‌ವ್ಯೂ ನಿಲ್ದಾಣಗಳೆರಡೂ ಅದರೊಳಗೆ ಬೀಳುವುದರಿಂದ ಅಲ್ಲಿನ ಪುಟ್ಟ ವಿಮಾನಗಳು ಹಗ್ಗ ಬಿಗಿಸಿಕೊಂಡು ನಿಂತಲ್ಲೇ ನಿಲ್ಲಬೇಕು. ಮೂವತ್ತು ಮೈಲಿಯ ಹೊರವೃತ್ತ ಪಶ್ಚಿಮಕ್ಕೆ ಸಮುದ್ರದಂಚಿನ ಹಾಫ್ ಮೂನ್ ಬೇವರೆಗೂ, ಪೂರ್ವಕ್ಕೆ ಹೆಚ್ಚುಕಡಿಮೆ ಟ್ರೇಸಿಯವರೆಗೂ ಚಾಚುತ್ತದೆ. ನಾನು ಕ್ಲಬ್ಬಿನ ಸೆಸ್ನಾ 172 ಎಂಬ ಪುಟ್ಟ ವಿಮಾನವನ್ನು ಬಾಡಿಗೆಗೆ ಪಡೆಯುವ ಲಿವರ್‌ಮೋರ್ ಇರುವುದು ಈ ಹೊರವೃತ್ತದಲ್ಲಿ. ಇಲ್ಲಿ ಹಾರಬಹುದು, ಆದರೆ ಮೊದಲೇ ಯೋಜನೆ ಸಲ್ಲಿಸಿರಬೇಕು, ನಿಮ್ಮೊಬ್ಬರಿಗೆಂದೇ ಕೊಟ್ಟ ನಾಲ್ಕಂಕಿಯ ಸಂಕೇತವನ್ನು, ರೇಡಾರಿಗೆ ವಿಮಾನದ ಗುರುತು ತಿಳಿಸುವ ಟ್ರಾನ್ಸ್‌ಪಾಂಡರಿನಲ್ಲಿ ಹಾಕಿರಬೇಕು, ನಿಯಂತ್ರಕರೊಡನೆ ರೇಡಿಯೋದಲ್ಲಿ ಮಾತಾಡುತ್ತಿರಬೇಕು. ಬಂದವರು ಇಳಿಯಬೇಕು, ಹೊರಟವರು ಹೋಗಿಬಿಡಬೇಕು; ನಡುವೆ ಸುಳಿದಾಡುವಂತಿಲ್ಲ. ತರಬೇತಿ, ಗ್ಲೈಡರ್, ಬಲೂನು, ಪ್ಯಾರಾಚೂಟ್, ಹೊಲಕ್ಕೆ ಔಷಧಿ ಸಿಂಪಡಿಸುವುದು, ಜಾಹೀರಾತಿನ ಬ್ಯಾನರ್ ಎಳೆಯುವುದು, ಎಲ್ಲಕ್ಕೂ ನಿಷೇಧ. ಆ ಉದ್ದನೆಯ ಪಟ್ಟಿಯಲ್ಲಿ ದೃಶ್ಯ ನೋಡಲು ಹಾರುವುದೂ ಇದೆ.

ನನಗೆ ಬೇಕಾಗಿದ್ದುದು ಅದೊಂದೇ. ತರೀಕೆರೆಯ ಕಡೆಯಿಂದ ಬಂದಿದ್ದ ಅಪ್ಪ ಸೋಮವಾರ ಊರಿಗೆ ಮರಳುವವರಿದ್ದರು. ಫ್ರೀಮಾಂಟ್‌ನಲ್ಲಿರುವ ನಮ್ಮ ಮನೆಯನ್ನು ಮೇಲಿನಿಂದ ಒಮ್ಮೆ ನೋಡಬೇಕೆಂಬುದು ಅವರು ಬಂದಾಗಿನಿಂದ ಹೇಳುತ್ತಿದ್ದ ಆಸೆ. ಹಿಂದಿನ ವಾರಾಂತ್ಯಗಳೆಲ್ಲ ಬೇರೆ ಬೇರೆ ಕಾರಣಕ್ಕೆ ಕಳೆದುಹೋಗಿದ್ದವು, ಭಾನುವಾರ ಬೆಳಿಗ್ಗೆಯ ಹೊತ್ತಿಗೆ ವಿಮಾನವನ್ನು ಇನ್ಯಾರೋ ಕಾದಿರಿಸಿದ್ದರು. ಮಧ್ಯಾಹ್ನ ನನ್ನ ಕೈಗೆ ಸಿಗುವಷ್ಟರಲ್ಲಿ ಫ್ರೀಮಾಂಟ್ ಒಳವೃತ್ತಕ್ಕೆ ಸೇರಿಹೋಗಿತ್ತು.

ಭದ್ರತೆಯ ಬಗ್ಗೆ ನನಗೆ ತಕರಾರಿಲ್ಲ. ಪುಟ್ಟ ವಿಮಾನ ಏನು ಮಹಾ ಮಾಡೀತು, ತೂಕದಲ್ಲಿ ಕಾರಿಗಿಂತ ಹಗುರ ಎಂದು ನಮ್ಮ ಹ್ಯಾಂಗರಿನಲ್ಲಿ ಪ್ರತಿವರ್ಷ ವಾದಿಸುವ ನಿವೃತ್ತ ಅಮೆರಿಕನ್ ಒಬ್ಬರಿದ್ದಾರೆ. ತೆರಿಗೆಯಿಂದ ಹಿಡಿದು ಕಾಫಿ ಯಂತ್ರದವರೆಗೆ ಅವರು ದೂರು ಹೇಳದ ವಸ್ತುವೇ ಇಲ್ಲ, ಆದ್ದರಿಂದ ಅವರ ಮಾತನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. 1976ರ ಡಿಸೆಂಬರಿನಲ್ಲಿ ಬಾಲ್ಟಿಮೋರ್‌ನ ಮೆಮೋರಿಯಲ್ ಕ್ರೀಡಾಂಗಣದಲ್ಲಿ ಪಂದ್ಯ ಮುಗಿದ ಕೆಲವೇ ನಿಮಿಷಗಳಲ್ಲಿ ಖಾಸಗಿ ವಿಮಾನವೊಂದು ಮೇಲಂತಸ್ತಿನ ಆಸನಗಳ ಮೇಲೆ ಬಂದು ಬಿದ್ದಿತ್ತು. ತವರಿನ ತಂಡ ಹೀನಾಯವಾಗಿ ಸೋಲುತ್ತಿದ್ದುದರಿಂದ ಜನ ಬೇಸತ್ತು ಮೊದಲೇ ಎದ್ದು ಹೋಗಿದ್ದರು, ಯಾರೂ ಸಾಯಲಿಲ್ಲ. ಇನ್ನು ಇದೇ ಲೀವೈಸ್ ಕ್ರೀಡಾಂಗಣದ ಮೇಲೆ 2017ರ ನವೆಂಬರಿನಲ್ಲಿ, ಪಂದ್ಯ ನಡೆಯುತ್ತಿದ್ದಾಗಲೇ ಒಂದು ಡ್ರೋನ್ ಬಂದು ಕರಪತ್ರಗಳನ್ನು ಉದುರಿಸಿ ಹೋಯಿತು. ಬಿದ್ದದ್ದು ಕಾಗದವಾದ್ದರಿಂದ ಜನ ಆ ಸುದ್ದಿಯನ್ನು ಮರೆತರು, ಭದ್ರತೆಯವರು ಮರೆಯಲಿಲ್ಲ; ಅವರು ಮರೆಯಲೂಬಾರದು.

ಕನ್ನಡ ಕೂಟದ ಗೆಳೆಯರೊಬ್ಬರು ಬೇರೆ ಬಗೆಯ ಕೋಪವನ್ನು ನನಗೆ ಹಚ್ಚಲು ನೋಡಿದರು. ವಾರವಿಡೀ ಕೋಟ್ಯಧಿಪತಿಗಳ ಜೆಟ್‌ಗಳು ಬಂದಿಳಿಯುತ್ತಿವೆ, ನಿಮ್ಮಂಥವರಿಗೆ ಮಾತ್ರ ಬಾಗಿಲು ಮುಚ್ಚುತ್ತಾರೆ ಎಂದರು. ಅವರಿಗೆ ಯಾವ ವಿಷಯ ಸಿಕ್ಕರೂ ಅದು ಕೊನೆಗೆ ಅಂಬಾನಿಯ ಬಳಿ ಹೋಗಿ ನಿಲ್ಲುತ್ತದೆ. ನಮ್ಮ ಲಿವರ್‌ಮೋರ್‌ನಲ್ಲಿಯೂ ಅಪರೂಪದ ಬಿಳಿ ಜೆಟ್‌ಗಳು ನಿಂತಿದ್ದುದು, ಅವುಗಳ ಮೆಟ್ಟಿಲ ಬಳಿ ಕಪ್ಪು ಕಾರುಗಳು ಕಾಯುತ್ತಿದ್ದುದು ನಿಜ. ಆದರೆ ವೃತ್ತಗಳು ಜಾರಿಯಾದ ಮೇಲೆ ಒಳವೃತ್ತಕ್ಕೆ ಅವರಿಗೂ ಪ್ರವೇಶವಿಲ್ಲ. ವ್ಯತ್ಯಾಸವೆಂದರೆ ಅವರಿಗೆ ಸಾಂತಾ ಕ್ಲಾರಾಕ್ಕೆ ಬರುವ ಕೆಲಸವಿತ್ತು, ಗಂಟೆ ನೋಡಿಕೊಂಡು ಮೊದಲೇ ಬಂದರು. ನನಗೆ ಯಾವ ಕೆಲಸವೂ ಇರಲಿಲ್ಲ.

ಅಲ್ಲಿಗೇ ನಾನು ಮತ್ತೆ ಮತ್ತೆ ಬಂದು ನಿಲ್ಲುತ್ತಿದ್ದೇನೆ. ಎಲ್ಲಿಗಾದರೂ ಹೋಗುವುದಿದ್ದರೆ ಹೇಳಿ ಎಂದರಲ್ಲ, ಆ ಮಾತಿನೊಳಗೆ ಒಂದು ಇಡೀ ತರ್ಕ ಅಡಗಿದೆ. ಒಂದು ಊರಿನಿಂದ ಇನ್ನೊಂದು ಊರಿಗೆ ನೇರ ಗೆರೆಯಲ್ಲಿ ಹೋಗುವವನು ಅರ್ಥವಾಗುತ್ತಾನೆ, ರೇಡಾರ್ ಪರದೆಯ ಮೇಲೂ, ಅದನ್ನು ನೋಡುತ್ತ ಕುಳಿತವರ ಮನಸ್ಸಿನಲ್ಲೂ. ಗಾಳಿ ಚೆನ್ನಾಗಿದೆ, ಫೆಬ್ರವರಿಯ ಬೆಟ್ಟ ಹಸಿರಾಗಿದೆ ಎಂಬ ಕಾರಣಕ್ಕೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲುತ್ತಾ ಸುತ್ತುವವನು ಅರ್ಥವಾಗುವುದಿಲ್ಲ, ಅರ್ಥವಾಗದವನ ಮೇಲೆ ಯುದ್ಧವಿಮಾನದ ಕಣ್ಣು ಬೀಳುತ್ತದೆ. ಆದರೆ ಹವ್ಯಾಸಿಗಳು ಹಾರುವುದೇ ಸುತ್ತಾಡುವುದಕ್ಕೆ. ನಮ್ಮಲ್ಲಿ ಬಹುಪಾಲು ಜನ ಎಲ್ಲಿಗೂ ಹೋಗುವುದಿಲ್ಲ. ಈ ದೇಶದಲ್ಲಿ ಮಾಮೂಲಿ ದಿನಗಳಲ್ಲಿ ಟ್ರಾನ್ಸ್‌ಪಾಂಡರಿನಲ್ಲಿ 1200 ಎಂಬ, ಎಲ್ಲರಿಗೂ ಒಂದೇ ಆದ ಅಂಕಿ ಹಾಕಿಕೊಂಡು, ಯೋಜನೆ ಸಲ್ಲಿಸದೆ, ಗಮ್ಯ ಹೇಳದೆ ಮೇಲೇರಬಹುದು. ಸಂತೆಯಲ್ಲಿ ಅಪರಿಚಿತನಾಗಿ ಅಡ್ಡಾಡುವ ಸುಖ ಅದು. ಸೂಪರ್ ಬೌಲ್ ದಿನ 1200 ಹಾಕಿದವನೇ ಮೊದಲ ಅನುಮಾನಿತ.

ಬೆಂಗಳೂರಿನ ಜಕ್ಕೂರಿನಲ್ಲಿ ವಿಮಾನ ಹಾರಿಸಲು ಕಲಿತ ಗೆಳೆಯನಿಗೆ ಇದನ್ನು ಫೋನಿನಲ್ಲಿ ಹೇಳಿದಾಗ ಅವನು ನಕ್ಕುಬಿಟ್ಟ. ಭಾರತದಲ್ಲಿ ಒಂದೂರಿನಿಂದ ಇನ್ನೊಂದೂರಿಗೆ ಹಾರುವ ಮುನ್ನ ಯೋಜನೆ ಸಲ್ಲಿಸಿ, ವಾಯುರಕ್ಷಣಾ ಅನುಮತಿಯ ಸಂಖ್ಯೆ ಪಡೆದು ಹೊರಡುವುದು ಹಬ್ಬದ ದಿನದ ನಿಯಮವಲ್ಲ, ಪ್ರತಿದಿನದ್ದು. ಏರೋ ಇಂಡಿಯಾ ಬಂತೆಂದರೆ ಯಲಹಂಕದ ಸುತ್ತಿನ ಆಕಾಶ ಗಂಟೆಗಟ್ಟಲೆ ಮುಚ್ಚಿ, ದೇವನಹಳ್ಳಿಯ ದೊಡ್ಡ ವಿಮಾನಗಳೇ ವೇಳೆ ಬದಲಿಸಿಕೊಳ್ಳುತ್ತವೆ. ನಿನಗೆ ವರ್ಷಕ್ಕೊಂದು ದಿನ ಆಗುವುದು ನಮಗೆ ದಿನವೂ ಆಗುತ್ತದೆ, ಅದಕ್ಕೇ ನಿನಗೆ ಅದು ಕಾಣಿಸುತ್ತದೆ ಎಂದ. ಇವನು ಯಾವಾಗಲೂ ಹೀಗೇ, ನಮ್ಮ ದುಃಖವನ್ನು ಅಳೆದು ಚಿಕ್ಕದು ಮಾಡಿ ಕೈಗಿಡುತ್ತಾನೆ. ಆದರೂ ಹೇಳಿದ್ದು ಸರಿಯಾಗಿತ್ತು.

ಕೊನೆಗೆ ನಾನು ಆ ಮಹಿಳೆಗೆ ಮೊಡೆಸ್ಟೋ ಎಂದೆ. ಅಲ್ಲಿ ನನಗೆ ಏನೂ ಕೆಲಸವಿರಲಿಲ್ಲ, ನಕ್ಷೆಯಲ್ಲಿ ವೃತ್ತದ ಆಚೆ ಕಂಡ ಊರು, ಅಷ್ಟೆ. ಅವರು ನಿರಾಳವಾಗಿ ಬರೆದುಕೊಂಡರು. ನಿಲ್ದಾಣದ ನಿಯಂತ್ರಣ ಗೋಪುರದವರು ಕೊಟ್ಟ ನಾಲ್ಕಂಕಿಯನ್ನು ಅಪ್ಪ ನನ್ನ ಕೈಚೀಟಿಯಿಂದ ಎರಡು ಸಲ ಗಟ್ಟಿಯಾಗಿ ಓದಿ, ನಾನು ಗುಂಡಿ ತಿರುಗಿಸಿದ್ದನ್ನು ತಾಳೆ ನೋಡಿದರು. ಆಲ್ಟಮಾಂಟ್ ಕಣಿವೆಯ ಗಾಳಿಯಂತ್ರಗಳ ಮೇಲೆ ವಿಮಾನ ಸ್ವಲ್ಪ ಕುಲುಕಿದಾಗ ಸೀಟಿನ ಅಂಚು ಹಿಡಿದವರು, ಬಿಡದೆಯೇ, ನಿಮ್ಮ ಮನೆ ಯಾವ ಕಡೆಗಾಯಿತು ಎಂದು ಕೇಳಿದರು. ಬಲರೆಕ್ಕೆಯ ಹಿಂದಕ್ಕೆ ಕೈ ತೋರಿಸಿದೆ. ಅವರು ಕುತ್ತಿಗೆ ತಿರುಗಿಸಿ ನೋಡಿದರು. ಅಲ್ಲಿ ಬೆಟ್ಟವಲ್ಲದೆ ಬೇರೇನೂ ಕಾಣುವಂತಿರಲಿಲ್ಲ. ಅಲ್ಲೇ ಬಲಕ್ಕೆ ವಾಲಿ ಅವರಿಗೆ ಆ ಬೆಟ್ಟವನ್ನಾದರೂ ಚೆನ್ನಾಗಿ ತೋರಿಸಬಹುದಿತ್ತು. ಬೇರೆ ದಿನವಾಗಿದ್ದರೆ ತೋರಿಸುತ್ತಿದ್ದೆ. ಗೆರೆ ಬಿಡದೆ ಹೋದೆ. ಬಯಲಿಗಿಳಿದ ಮೇಲೆ ಬಾದಾಮಿ ತೋಟಗಳ ಸಾಲುಗಳನ್ನು ಕಂಡು, ಇಷ್ಟು ನೆಟ್ಟಗೆ ನೆಟ್ಟವರು ಹಗ್ಗ ಹಿಡಿದಿರಬೇಕು ಎಂದು ಅಡಿಕೆ ಬೆಳೆಗಾರನ ಮೆಚ್ಚುಗೆ ಸೂಚಿಸಿದರು.

ನನ್ನ ಸಂಕಟವನ್ನು ರಾತ್ರಿ ಊಟದ ಹೊತ್ತಿಗೆ ವಿವರಿಸಿದೆ. ಅಪ್ಪ ಪೂರ್ತಿ ಕೇಳಿ, ಫೋನಿನಲ್ಲಿದ್ದ ಹೆಂಗಸಿನ ಪಕ್ಷ ವಹಿಸಿದರು. ಅಷ್ಟು ಸಾವಿರ ಜನ ಕೂತಿರುವಾಗ ನೀನು ಒಳ್ಳೆಯವನೆಂದು ಅವರಿಗೆ ಹೇಗೆ ತಿಳಿಯಬೇಕು, ಎಲ್ಲರನ್ನೂ ಕೇಳಿದಂತೆ ನಿನ್ನನ್ನೂ ಕೇಳಿದರು ಎಂದರು. ಕೇಳಿದ್ದು ಸರಿ, ಆದರೆ ಒಳ್ಳೆಯವನೆಂಬುದಕ್ಕೆ ಪುರಾವೆ ಮೊಡೆಸ್ಟೋ ಹೇಗಾಗುತ್ತದೆ ಎಂಬ ನನ್ನ ಪ್ರಶ್ನೆಗೆ ಅವರು, ಕೆಟ್ಟ ಕೆಲಸಕ್ಕೆ ಹೊರಟವನೂ ಒಂದು ಊರಿನ ಹೆಸರು ಹೇಳಬಲ್ಲ, ಅದು ಅವರಿಗೂ ಗೊತ್ತಿರುತ್ತದೆ, ಆದರೂ ಎಲ್ಲಿಂದಲಾದರೂ ಶುರು ಮಾಡಬೇಕಲ್ಲ ಎಂದರು. ಇದಕ್ಕೆ ನನ್ನ ಬಳಿ ಇನ್ನೂ ಉತ್ತರವಿಲ್ಲ.

ಈ ಬೇಸಿಗೆಯಲ್ಲಿ ಇದೇ ಕ್ರೀಡಾಂಗಣದಲ್ಲಿ ಫುಟ್‌ಬಾಲ್ ವಿಶ್ವಕಪ್ಪಿನ ಆರು ಪಂದ್ಯಗಳಿವೆ. ವೃತ್ತಗಳು ಎಷ್ಟು ದೊಡ್ಡವು, ಯಾವ ಗಂಟೆಗಳಲ್ಲಿ ಎಂಬುದು ಹತ್ತಿರ ಬಂದಾಗ ಪ್ರಕಟವಾಗುತ್ತದೆ. ಪಂದ್ಯವಿಲ್ಲದ ದಿನಗಳಿಗೆ ಕ್ಲಬ್ಬಿನ ವಿಮಾನವನ್ನು ಈಗಲೇ ಕಾದಿರಿಸಲು ಹೋದರೆ, ಜೂನ್ ತಿಂಗಳ ಆ ದಿನಗಳೆಲ್ಲ ಆಗಲೇ ಭರ್ತಿಯಾಗಿವೆ. ನನಗಿಂತ ಮೊದಲೇ ಬೇರೆಯವರೂ ಇದೇ ಲೆಕ್ಕ ಹಾಕಿದ್ದಾರೆ.