ಅರ್ಧ ಸುರಿದ ಮೇಲೆ ಗೊತ್ತಾದ ವಾಸನೆ

ಮಡಗಾಂವಿನಿಂದ ಕಾರವಾರಕ್ಕೆ ಬಸ್ಸಿನಲ್ಲಿ ಬಂದವರಿಗೆಲ್ಲ ಮಾಜಾಳಿ ಗೊತ್ತು. ಗಡಿ ದಾಟಿದ ಕೂಡಲೇ ಬಸ್ ನಿಲ್ಲುತ್ತದೆ, ಅಬಕಾರಿ ಸಿಬ್ಬಂದಿ ಹತ್ತುತ್ತಾರೆ, ಸೀಟಿನ ಕೆಳಗೆ ಟಾರ್ಚ್ ಬಿಡುತ್ತಾರೆ. ಗೋವಾದಲ್ಲಿ ಅಗ್ಗಕ್ಕೆ ಸಿಕ್ಕ ಬಾಟಲಿಯನ್ನು ಬಟ್ಟೆಯೊಳಗೆ ಸುತ್ತಿಟ್ಟವನ ಮುಖ ಆ ಎರಡು ನಿಮಿಷ ಹೇಗಿರುತ್ತದೆ ಎಂಬುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಮುಂದೆ ಅಂಥ ಮುಖಗಳನ್ನು ನೋಡುವುದೇ ನನ್ನ ಅನ್ನದ ದಾರಿಯಾಯಿತು.

ನಾನು ಅಂಕೋಲೆಯವನು. ನೌಕಾಪಡೆಯಲ್ಲಿ ಹದಿನೈದು ವರ್ಷ ಇದ್ದೆ. ಕೊನೆಯ ಕೆಲವು ವರ್ಷ ಊರಿನ ಹತ್ತಿರವೇ, ಅರಗಾದ ಕದಂಬ ನೆಲೆಯಲ್ಲಿ. ನಿವೃತ್ತಿಯಾದ ಮೇಲೆ ಪ್ರವಾಸಿ ಹಡಗಿನ ಭದ್ರತಾ ವಿಭಾಗ ಸೇರಿದೆ. ಇದು ಒಂಬತ್ತನೆಯ ವರ್ಷ. ಆರೇಳು ತಿಂಗಳು ಹಡಗಿನಲ್ಲಿ, ಎರಡು ತಿಂಗಳು ಮನೆಯಲ್ಲಿ. ರಜೆಗೆ ಬಂದಾಗಲೆಲ್ಲ ಯಾರಾದರೊಬ್ಬರು ಕೇಳುವ ಪ್ರಶ್ನೆ ಒಂದೇ: «ನಮ್ಮ ಬಾಟಲಿ ನಾವೇ ಒಯ್ಯಬಹುದೇ?» ಉತ್ತರ ಹೇಳುತ್ತೇನೆ. ಆದರೆ ಆ ಉತ್ತರವನ್ನು ಪ್ರಯಾಣಿಕರಿಗೆ ಹೇಳುವುದು ಹೇಗೆಂದು ನಾನು ಕಲಿತದ್ದು ತಡವಾಗಿ, ಒಬ್ಬ ತಾಯಿಯ ಮನಸ್ಸು ನೋಯಿಸಿದ ಮೇಲೆ. ಅದನ್ನೇ ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ಮೊದಲು ಕೆಲಸದ ವಿಚಾರ. ಹಡಗು ಹೊರಡುವ ದಿನ ಪ್ರಯಾಣಿಕರು ದೊಡ್ಡ ಸೂಟ್‌ಕೇಸುಗಳನ್ನು ಬಂದರಿನಲ್ಲೇ ಹಮಾಲರ ಕೈಗೆ ಕೊಟ್ಟು ಬಿಡುತ್ತಾರೆ. ಅವು ಎಕ್ಸ್‌ರೇ ಯಂತ್ರದ ಮೂಲಕ ಹಾದು ಸಂಜೆಯ ಹೊತ್ತಿಗೆ ಅವರವರ ಕೋಣೆಯ ಬಾಗಿಲಿಗೆ ತಲುಪಬೇಕು. 2004ರ ಜುಲೈ 1ರಿಂದ ಜಾರಿಯಲ್ಲಿರುವ ಅಂತರರಾಷ್ಟ್ರೀಯ ಹಡಗು ಹಾಗೂ ಬಂದರು ಭದ್ರತಾ ಸಂಹಿತೆಯಿಂದಾಗಿ ತಪಾಸಣೆಯಿಲ್ಲದೆ ಚೀಲ ಒಳಗೆ ಬರುವ ಪ್ರಶ್ನೆಯೇ ಇಲ್ಲ. ಮುಖ್ಯವಾಗಿ ಹುಡುಕುವುದು ಆಯುಧ, ಸ್ಫೋಟಕ, ಮಾದಕ ವಸ್ತು. ಆದರೆ ದಿನವಿಡೀ ಕೈಗೆ ಸಿಗುವುದು ಬಾಟಲಿ. ಜೊತೆಗೆ ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕೆಟಲ್, ಮೇಣದಬತ್ತಿ. ಸಮುದ್ರದ ನಡುವೆ ಬೆಂಕಿಯಷ್ಟು ಭಯದ ಸಂಗತಿ ಇನ್ನೊಂದಿಲ್ಲವಾದ್ದರಿಂದ ಇವಕ್ಕೂ ಪ್ರವೇಶವಿಲ್ಲ.

ಯಂತ್ರದ ಪರದೆಯಲ್ಲಿ ಬಟ್ಟೆ, ಆಹಾರ, ದ್ರವ ಎಲ್ಲವೂ ಕಿತ್ತಳೆ ಬಣ್ಣದ ಛಾಯೆಗಳಲ್ಲಿ ಕಾಣುತ್ತವೆ. ಲೋಹ ನೀಲಿಯಾಗಿ ಕಾಣುತ್ತದೆ. ಮಡಚಿಟ್ಟ ಬಟ್ಟೆ ತಿಳಿ ಕಿತ್ತಳೆ, ಅದರ ನಡುವೆ ತುಂಬಿದ ಬಾಟಲಿ ದಟ್ಟ ಕಿತ್ತಳೆ. ಸಾವಿರ ಚೀಲ ನೋಡಿದ ಕಣ್ಣಿಗೆ ಅದು ಒಣಹುಲ್ಲಿನಲ್ಲಿ ಬಿದ್ದ ತೆಂಗಿನಕಾಯಿಯಷ್ಟು ಸ್ಪಷ್ಟ. ಜನ ಇದನ್ನು ನಂಬುವುದಿಲ್ಲ. ಬಾಯಿ ಮುಕ್ಕಳಿಸುವ ಔಷಧದ ಬಾಟಲಿಗೆ ವೋಡ್ಕಾ ತುಂಬಿ ಹಸಿರು ಬಣ್ಣ ಬೆರೆಸುತ್ತಾರೆ, ಬಿಸಿಲಿಗೆ ಹಚ್ಚುವ ಕ್ರೀಮಿನ ಟ್ಯೂಬಿನಲ್ಲಿ ರಮ್ ತರುತ್ತಾರೆ. ದುರ್ಬೀನಿನಂತೆ ಕಾಣುವ, ಒಳಗೆ ಟೊಳ್ಳಾದ ಸೀಸೆಗಳೂ ಮಾರುಕಟ್ಟೆಯಲ್ಲಿವೆ. ಬಣ್ಣ ಬೆರೆಸಿದ ಬಾಟಲಿಯನ್ನು ಹಿಡಿಯಲು ಯಂತ್ರವೇ ಬೇಕಾಗಿಲ್ಲ. ಮುಚ್ಚಳದ ಕೆಳಗಿನ ಉಂಗುರ ಹರಿದಿದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಿದರೆ ಸಾಕು.

ಇನ್ನು ನಿಯಮ. ಹೆಚ್ಚಿನ ದೊಡ್ಡ ಹಡಗುಗಳಲ್ಲಿ ವಯಸ್ಕರೊಬ್ಬರು ಮೊದಲ ದಿನ 750 ಮಿಲಿಲೀಟರಿನ ಒಂದು ವೈನ್ ಅಥವಾ ಶಾಂಪೇನ್ ಬಾಟಲಿ ತರಬಹುದು. ಅದು ಕೈಚೀಲದಲ್ಲಿರಬೇಕು, ಸೀಲ್ ಒಡೆದಿರಬಾರದು. ಅದನ್ನು ಊಟದ ಮೇಜಿಗೆ ತಂದರೆ ಬಹಳ ಕಡೆ ಕಾರ್ಕೇಜ್ ಎಂಬ ಶುಲ್ಕ ಇದೆ, ಬಾಟಲಿಗೆ ಸುಮಾರು 15 ಡಾಲರ್. ವಿಸ್ಕಿ, ರಮ್, ಬ್ರಾಂದಿ, ಫೆನಿ ಯಾವುದೂ ನಡೆಯುವುದಿಲ್ಲ. ಬಿಯರಿಗೂ ಬಹುತೇಕ ಇದೇ ಗತಿ. ತಂಪು ಪಾನೀಯದ ಡಬ್ಬಿಗಳನ್ನು ಕೆಲವರು ಒಂದು ಡಜನ್‌ವರೆಗೆ ಬಿಡುತ್ತಾರೆ. ದಾರಿಯ ಬಂದರುಗಳಲ್ಲಿ ಕೊಂಡ ಮದ್ಯವನ್ನು ನಾವು ಚೀಟಿ ಕೊಟ್ಟು ಇಟ್ಟುಕೊಂಡು ಪ್ರಯಾಣದ ಕೊನೆಯಲ್ಲಿ ಹಿಂತಿರುಗಿಸುತ್ತೇವೆ. ಕಂಪನಿಯಿಂದ ಕಂಪನಿಗೆ ಲೆಕ್ಕ ಬೇರೆಯಾಗುವುದರಿಂದ ಟಿಕೆಟಿನ ಜೊತೆ ಬರುವ ಷರತ್ತುಗಳ ಪುಟವನ್ನು ಹೊರಡುವ ಮೊದಲು ಓದಿಕೊಳ್ಳಿ. ಮುಂಬೈಯಿಂದ ಲಕ್ಷದ್ವೀಪಕ್ಕೆ ಹೋಗುವವರು ಇನ್ನೊಂದು ಮಾತು ನೆನಪಿಡಬೇಕು: ಅಲ್ಲಿನ ಬಹುತೇಕ ದ್ವೀಪಗಳಲ್ಲಿ ಪಾನನಿಷೇಧವಿದೆ, ಹಡಗಿನಿಂದ ಇಳಿಯುವಾಗ ಚೀಲದಲ್ಲಿ ಬಾಟಲಿ ಇರಕೂಡದು.

«ಎಲ್ಲ ಬಾರ್ ವ್ಯಾಪಾರಕ್ಕಾಗಿ ಮಾಡಿದ ನಿಯಮ» ಎಂದು ಊರಿನ ಗೆಳೆಯರು ಹೇಳುತ್ತಾರೆ. ವ್ಯಾಪಾರ ಇದೆ, ಸುಳ್ಳಲ್ಲ. ಟಿಕೆಟಿನ ಹಣವೊಂದರಿಂದಲೇ ಹಡಗು ನಡೆಯುವುದಿಲ್ಲ. ಆದರೆ ರಾತ್ರಿ ಎರಡು ಗಂಟೆಗೆ ತೆರೆದ ಡೆಕ್ಕಿನ ಮೇಲೆ ಗಸ್ತು ತಿರುಗುವವನಿಗೆ ಬೇರೆ ಕಾರಣ ಕಾಣುತ್ತದೆ. ಬಾರಿನಲ್ಲಿ ಕುಡಿದರೆ ಪ್ರತಿ ಗ್ಲಾಸೂ ಪ್ರಯಾಣಿಕರ ಕಾರ್ಡಿನಲ್ಲಿ ದಾಖಲಾಗುತ್ತದೆ. ಸಾಕು ಎನ್ನುವ ಅಧಿಕಾರ ಬಾರಿನವನಿಗೆ ಇರುತ್ತದೆ. ಕೋಣೆಯಲ್ಲಿ ಬಾಗಿಲು ಮುಚ್ಚಿಕೊಂಡು ಖಾಲಿಯಾದ ಬಾಟಲಿಯ ಲೆಕ್ಕ ಯಾರಲ್ಲೂ ಇಲ್ಲ. ಅಮೆರಿಕದ 2010ರ ಪ್ರವಾಸಿ ಹಡಗು ಸುರಕ್ಷತಾ ಕಾಯಿದೆ ಡೆಕ್ಕಿನ ಅಂಚಿನ ಕಟಕಟೆಯ ಎತ್ತರ ಕನಿಷ್ಠ 42 ಇಂಚು ಇರಬೇಕೆನ್ನುತ್ತದೆ. ಅಂದರೆ ಮೂರೂವರೆ ಅಡಿ. ಅಮಲಿಲ್ಲದ ಮನುಷ್ಯನಿಗೆ ಅದು ಗೋಡೆ. ಅಮಲೇರಿ, ಕಾಲನ್ನು ಅದರ ಕೆಳಗಿನ ಸರಳಿನ ಮೇಲಿಟ್ಟು ಹಾಡುತ್ತ ನಿಂತವನನ್ನು ಸೊಂಟ ಹಿಡಿದು ಕೆಳಗಿಳಿಸಿದ್ದೇನೆ. ಆವತ್ತಿನಿಂದ ಈ ನಿಯಮದ ಬಗ್ಗೆ ನನಗೆ ಅನುಮಾನ ಉಳಿದಿಲ್ಲ.

ಹೀಗೆ ನಿಯಮದ ಮೇಲೆ ಪೂರ್ಣ ನಂಬಿಕೆಯಿಟ್ಟೇ ನಾನು ಆ ತಪ್ಪನ್ನು ಮಾಡಿದೆ.

ಸಿಂಗಪುರದಿಂದ ಹೊರಟು ಪೆನಾಂಗ್, ಫುಕೆಟ್ ಸುತ್ತಿ ಬರುವ ನಾಲ್ಕು ರಾತ್ರಿಯ ಪ್ರಯಾಣ. ಶಾಲೆಗಳಿಗೆ ರಜೆಯ ಕಾಲ, ಹಡಗು ತುಂಬಿತ್ತು. ತಡೆಹಿಡಿದ ಚೀಲಗಳ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಂಥ ದಿನಗಳಲ್ಲಿ ನಾವು ಒಂದು ಅಡ್ಡದಾರಿ ರೂಢಿಸಿಕೊಂಡಿದ್ದೆವು. ಮಾಲೀಕರು ಬರುವವರೆಗೆ ಕಾಯದೆ ಚೀಲ ತೆರೆದು, ಕಂಪನಿ ಸೀಲಿನ ಮದ್ಯವನ್ನು ಚೀಟಿ ಬರೆದು ಪಕ್ಕಕ್ಕಿಡುವುದು, ಸೀಲಿಲ್ಲದ ದ್ರವವನ್ನು ಸುರಿದುಬಿಡುವುದು. ಮಾಲೀಕರು ಬಂದಾಗ ಸಹಿ ಮಾಡಿಸಿ ಚೀಲ ಕೊಟ್ಟರೆ ಒಬ್ಬರಿಗೆ ಒಂದೇ ನಿಮಿಷ.

ಒಂದು ಕಂದು ಬಣ್ಣದ ಸೂಟ್‌ಕೇಸ್. ಒಳಗೆ ಸೀರೆಗಳ ನಡುವೆ ಟವೆಲಿನಲ್ಲಿ ಸುತ್ತಿದ ಒಂದು ಲೀಟರಿನ ಹಳೆಯ ಪ್ಲಾಸ್ಟಿಕ್ ಬಾಟಲಿ. ಮುಚ್ಚಳದ ಮೇಲೆ ಪ್ಲಾಸ್ಟಿಕ್ ಹಾಳೆ ಹಾಕಿ, ದಾರ ಬಿಗಿದು, ಅದರ ಮೇಲೆ ಮೇಣ ಕರಗಿಸಿ ಬಿಟ್ಟಿದ್ದರು. ಒಳಗಿನ ದ್ರವ ಕಡುಗೆಂಪು, ಬೆಳಕಿಗೆ ಹಿಡಿದರೆ ಅಂಚಿನಲ್ಲಷ್ಟೇ ನೇರಳೆ. ಮನೆಯಲ್ಲಿ ಮಾಡಿದ ವೈನ್ ಎಂದು ತೀರ್ಮಾನಿಸಿದೆ. ಟವೆಲಿನ ಒಳಗೆ ಒಂದು ಪದರ ಪತ್ರಿಕೆಯ ಹಾಳೆಯೂ ಇತ್ತು. ಅದರ ಮೇಲೆ ಕನ್ನಡ ಅಕ್ಷರಗಳಿದ್ದವು. ನೋಡಿದೆ, ಆದರೆ ಓದಲಿಲ್ಲ. ಕೈ ಆಗಲೇ ದಾರ ಕತ್ತರಿಸಿ ಬಾಟಲಿಯನ್ನು ತೊಟ್ಟಿಗೆ ಬಾಗಿಸಿತ್ತು. ಗಳಗಳ ಸುರಿಯುವಾಗ ವಾಸನೆ ಬಂತು. ಹುಳಿ, ಸಕ್ಕರೆ, ಜೀರಿಗೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಮನೆಯ ಅಂಗಳದಲ್ಲಿ ಭರಣಿಯ ಬಾಯಿಗೆ ಬಿಳಿ ಬಟ್ಟೆ ಕಟ್ಟಿ ಬಿಸಿಲಿಗೆ ಇಡುತ್ತಿದ್ದ ಮುರುಗಲು, ಅಂದರೆ ಕೋಕಂ ಹಣ್ಣಿನ ಪಾಕ. ಬಾಟಲಿಯನ್ನು ನೆಟ್ಟಗೆ ಮಾಡುವಷ್ಟರಲ್ಲಿ ಅರ್ಧ ಹೋಗಿತ್ತು. ಅರ್ಧ ಉಳಿಸಿ ಏನೆಂದು ಹೇಳಲಿ ಎಂದು ಯೋಚಿಸಿ ಉಳಿದದ್ದನ್ನೂ ಸುರಿದೆ. ಖಾಲಿ ಬಾಟಲಿಯನ್ನು ಹಿಸುಕಿ ಕಸಕ್ಕೆ ಹಾಕಿದೆ.

ಸಂಜೆ ಆರರ ಹೊತ್ತಿಗೆ ಇಬ್ಬರು ಹಿರಿಯರು ಬಂದರು. ಗಂಡ ಪಂಚೆಯಿಂದ ಪ್ಯಾಂಟಿಗೆ ಬಂದು ಎರಡು ದಿನವಾದವರಂತೆ ಕಾಣುತ್ತಿದ್ದರು. ನಾನು ಇಂಗ್ಲಿಷಿನಲ್ಲಿ ಕಲಿತ ವಾಕ್ಯ ಹೇಳಿ ಸಹಿಗೆ ಕಾಗದ ಚಾಚಿದೆ. ಅಮ್ಮ ಸೂಟ್‌ಕೇಸ್ ತೆರೆದು ಟವೆಲ್ ಬಿಡಿಸಿ ನೋಡಿ ಗಂಡನಿಗೆ ಹೇಳಿದರು: «ತೆಗೆದಿದ್ದಾರೆ. ಮೂರು ವಿಮಾನ ನಿಲ್ದಾಣ ದಾಟಿತ್ತು. ಸೊಸೆಗೆ ಏನೂ ಸೇರುವುದಿಲ್ಲ, ಇದೊಂದಾದರೂ ಹೊಟ್ಟೆಯಲ್ಲಿ ನಿಲ್ಲುತ್ತಿತ್ತು.» ಅವರ ಮಗ ಸಿಂಗಪುರದಲ್ಲಿ ಕೆಲಸದಲ್ಲಿದ್ದ, ಸೊಸೆ ಬಸುರಿ, ಎಲ್ಲರೂ ಒಟ್ಟಿಗೆ ಹಡಗೇರಿದ್ದರು. ಇವರು ಶಿರಸಿಯ ಹತ್ತಿರದ ಹಳ್ಳಿಯಿಂದ ಬಂದವರು.

ಕನ್ನಡ ಬರುವುದಿಲ್ಲ ಎಂಬಂತೆ ನಿಂತಿರಬಹುದಿತ್ತು. ಆಗಲಿಲ್ಲ. «ಅಮ್ಮಾ, ಕ್ಷಮಿಸಿ, ನಾನೇ ಸುರಿದದ್ದು» ಎಂದೆ. ಅವರು ಬೆಚ್ಚಿ ನನ್ನ ಮುಖ ನೋಡಿದರು.

«ಯಾವ ಊರು ತಮ್ಮಾ?»

«ಅಂಕೋಲೆ.»

«ಅಂಕೋಲೆಯವನಿಗೆ ಮುರುಗಲು ವಾಸನೆ ಗೊತ್ತಾಗಲಿಲ್ಲವೇ?»

«ಗೊತ್ತಾಯಿತು ಅಮ್ಮಾ. ಅರ್ಧ ಸುರಿದ ಮೇಲೆ.»

ಅವರು ಬೈಯಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, «ಬಾಟಲಿಯಾದರೂ ಕೊಡು, ತಳದಲ್ಲಿ ಗಟ್ಟಿ ಪಾಕ ಉಳಿದಿರುತ್ತದೆ, ನೀರು ಹಾಕಿ ಅಲುಗಾಡಿಸಿದರೆ ಎರಡು ಲೋಟ ಆದೀತು» ಎಂದರು. ಆ ಬಾಟಲಿಯೂ ನನ್ನ ಬಳಿ ಇರಲಿಲ್ಲ.

ರಾತ್ರಿ ಪಾಳಿ ಮುಗಿದ ಮೇಲೆ ನಿಯಮಾವಳಿಯ ಪುಸ್ತಕ ತೆಗೆದು ಆ ಭಾಗವನ್ನು ಮತ್ತೆ ಓದಿದೆ. ಮನೆಯಲ್ಲಿ ತುಂಬಿದ, ಸೀಲಿಲ್ಲದ ಪಾನೀಯವನ್ನು ಹಡಗಿನೊಳಗೆ ಒಯ್ಯಲು ಅನುಮತಿಯಿಲ್ಲ ಎಂದಿತ್ತು. ಅದು ಸರಿಯೇ. ಏನಿದೆಯೆಂದು ಹೊರಗಿನಿಂದ ಗೊತ್ತಾಗುವುದಿಲ್ಲ, ತೆಳು ಪಾಕ ಸೆಕೆಗೆ ಹುದುಗೆದ್ದು ಬಾಟಲಿ ಉಬ್ಬುವುದೂ ಉಂಟು. ಆದರೆ ಮಾಲೀಕರು ಬರುವ ಮೊದಲೇ ಸುರಿಯಬೇಕು ಎಂದು ಎಲ್ಲಿಯೂ ಬರೆದಿರಲಿಲ್ಲ. ಆ ಸಾಲನ್ನು ಸೇರಿಸಿದ್ದು ನಮ್ಮ ಅವಸರ. ವರ್ಷಗಟ್ಟಲೆ ಮಾಡಿ ಮಾಡಿ ಅದನ್ನೂ ನಿಯಮವೆಂದೇ ತಿಳಿದಿದ್ದೆವು. ಒಳಗೆ ಬಿಡಲಾಗದ ವಸ್ತು ನಮ್ಮ ವಶಕ್ಕೆ ಬಂದರೂ ಅದು ಇನ್ನೂ ಅವರದೇ ವಸ್ತು. ನೌಕಾಪಡೆಯಲ್ಲಿ ಇಷ್ಟು ವರ್ಷ ದುಡಿದ ನನಗೆ, ಆದೇಶಕ್ಕೂ ರೂಢಿಗೂ ಇರುವ ಅಂತರ ಗೊತ್ತಿರಬೇಕಿತ್ತು.

ನಮ್ಮ ಮೇಲಧಿಕಾರಿ ನೇಪಾಳದವರು, ಸೈನ್ಯದಿಂದ ನಿವೃತ್ತರಾದವರು, ಮಾತು ಕಡಿಮೆ. ಬೆಳಿಗ್ಗೆ ಅವರಿಗೆ ನಡೆದದ್ದನ್ನು ಹೇಳಿದೆ. ತಪ್ಪು ಒಪ್ಪಿಕೊಳ್ಳುವುದರ ಜೊತೆಗೆ ಬದಲಾವಣೆಯನ್ನೂ ಕೇಳಿದೆ: ಮಾಲೀಕರು ಎದುರಿಗೆ ಇಲ್ಲದೆ ಯಾವ ಮುಚ್ಚಳವನ್ನೂ ತೆಗೆಯಬಾರದು. ಮೊದಲು «ಇದು ಏನು?» ಎಂದು ಕೇಳಬೇಕು. ಒಳಗೆ ಬಿಡಲಾಗದಿದ್ದರೆ ಇಳಿಯುವ ದಿನದವರೆಗೆ ಚೀಟಿ ಹಚ್ಚಿ ಇಡಬೇಕು, ಇಡಲಾಗದಿದ್ದರೆ ಅವರೇ ಕೈಯಾರೆ ಸುರಿಯಲಿ. ಮೇಲಧಿಕಾರಿ ಕೇಳಿದ್ದು ಒಂದೇ ಪ್ರಶ್ನೆ: ಸಾಲು ಉದ್ದವಾದರೆ ಯಾರು ನಿಲ್ಲುತ್ತಾರೆ? ನಾನು ನಿಲ್ಲುತ್ತೇನೆ ಎಂದೆ.

ಸಾಲು ಉದ್ದವಾಯಿತು. ಮೊದಲ ಕೆಲವು ಪ್ರಯಾಣಗಳಲ್ಲಿ ರಾತ್ರಿ ಹತ್ತರವರೆಗೂ ನಿಂತಿದ್ದೇನೆ, ಸಹೋದ್ಯೋಗಿಗಳ ಗೊಣಗಾಟವನ್ನೂ ಕೇಳಿದ್ದೇನೆ. ಆದರೆ ವಾದ ಕಡಿಮೆಯಾಯಿತು. ಕೇಳಿದರೆ ಜನ ಹೇಳುತ್ತಾರೆ. ಬಣ್ಣ ಬೆರೆಸಿದ ವೋಡ್ಕಾ ತಂದ ಯುವಕ ಕೂಡ ನಾಲ್ಕು ಬಾರಿ ಸುಳ್ಳು ಹೇಳಿ ಐದನೆಯ ಬಾರಿ ಒಪ್ಪಿಕೊಂಡು ತಾನೇ ಸುರಿದು ಹೋದ. ತನ್ನ ಕೈಯಿಂದಲೇ ಸುರಿದವನು ಮರುದಿನ ದೂರು ಕೊಡಲು ಬರುವುದಿಲ್ಲ. ಒಬ್ಬರು ಗಂಗಾಜಲ ತಂದಿದ್ದರು, ಇನ್ನೊಬ್ಬರು ಮಗುವಿಗೆ ವೈದ್ಯರು ಬರೆದುಕೊಟ್ಟ ದ್ರಾವಣ. ಹಿಂದಿನ ರೂಢಿಯಲ್ಲಿ ಇವೆರಡೂ ನನ್ನ ತೊಟ್ಟಿಗೆ ಹೋಗುತ್ತಿದ್ದವು ಎಂಬುದನ್ನು ನೆನೆದರೆ ಈಗಲೂ ಮೈ ಬೆವರುತ್ತದೆ.

ಹಡಗಿಗೆ ಕೆಲಸಕ್ಕೆ ಬರುವ ನಮ್ಮ ಕಾರವಾರ, ಕುಮಟಾ ಕಡೆಯ ಹುಡುಗರಿಗೂ ಒಂದು ಮಾತು ಹೇಳಲೇಬೇಕು. ಗೆಳೆಯರಿಗೆಂದು ಗೋವಾದ ಫೆನಿ ತರಬೇಡಿ. ನಾವಿಕರ ರಕ್ತದಲ್ಲಿ ಮದ್ಯದ ಮಿತಿ ಶೇಕಡಾ 0.05 ಎಂದು ಅಂತರರಾಷ್ಟ್ರೀಯ ನಿಯಮವಿದೆ, ಕಂಪನಿಗಳ ಮಿತಿ ಇನ್ನೂ ಬಿಗಿಯಾಗಿರಬಹುದು, ಪರೀಕ್ಷೆ ಯಾವಾಗ ಬೇಕಾದರೂ ಬರುತ್ತದೆ. ಸಿಬ್ಬಂದಿಯ ಚೀಲದಲ್ಲಿ ಬಾಟಲಿ ಸಿಕ್ಕರೆ ಚೀಟಿ ಹಚ್ಚಿ ಇಡುವ ವ್ಯವಸ್ಥೆಯಿಲ್ಲ. ಮುಂದಿನ ಬಂದರಿನಿಂದ ಮನೆಗೆ ಟಿಕೆಟ್, ಅಷ್ಟೇ. ಮೊದಲ ಒಪ್ಪಂದಕ್ಕೆಂದು ಸಾಲ ಮಾಡಿ ಬಂದ ಹುಡುಗನೊಬ್ಬ ಹಾಗೆ ಇಳಿದು ಹೋಗುವಾಗ ಅವನ ಪೆಟ್ಟಿಗೆಯನ್ನು ಏಣಿಯವರೆಗೆ ಹೊತ್ತುಕೊಟ್ಟವನು ನಾನೇ.

ಪ್ರಯಾಣದ ಕೊನೆಯ ಬೆಳಿಗ್ಗೆ ನನ್ನ ಕೆಲಸ ಬಾಟಲಿಗಳನ್ನು ಹಿಂತಿರುಗಿಸುವುದು. ಚೀಟಿಯ ಸಂಖ್ಯೆ ನೋಡಿ, ಹೆಸರು ಕೇಳಿ, ಎರಡೂ ಕೈಯಲ್ಲಿ ಹಿಡಿದು ಕೊಡುತ್ತೇನೆ. ಕಪಾಟು ಖಾಲಿಯಾಗುವಾಗ ಒಂಬತ್ತು ಗಂಟೆಯಾಗಿರುತ್ತದೆ. ರಿಜಿಸ್ಟರಿನ ಆ ಪುಟಕ್ಕೆ ಗೆರೆ ಎಳೆದು ಹೊಸ ಪುಟದಲ್ಲಿ ದಿನಾಂಕ ಬರೆಯುವಷ್ಟರಲ್ಲಿ ಕೆಳಗೆ ಬಂದರಿನಲ್ಲಿ ಮುಂದಿನ ಪ್ರಯಾಣದ ಸೂಟ್‌ಕೇಸುಗಳು ಬೆಲ್ಟಿನ ಮೇಲೆ ಬರತೊಡಗಿರುತ್ತವೆ.