ಬಿರುಕಿಲ್ಲದ ಬಾಟಿಕ್

ಬಾಟಿಕ್ ಎಂದರೆ ಬಟ್ಟೆಯ ಮೇಲೆ ಮೇಣದಿಂದ ಚಿತ್ರ ಬರೆದು, ಮೇಣವಿಲ್ಲದ ಕಡೆ ಮಾತ್ರ ಬಣ್ಣ ಹಿಡಿಸುವ ಕಲೆ. ನಮ್ಮ ಜವಳಿ ವಿಭಾಗದಲ್ಲಿ ಅದೆಂದರೆ ಬಿರುಕು. ಪ್ಯಾರಾಫಿನ್ ಹೆಚ್ಚು ಬೆರೆಸಿ, ಮೇಣ ಆರಿದ ಮೇಲೆ ಬಟ್ಟೆ ಮುದುರಿ, ಆ ಸೀಳುಗಳಿಗೆ ಬಣ್ಣ ಇಳಿಸುತ್ತಿದ್ದೆವು. ಇಂಡೊನೇಷ್ಯಾದ ಜಾವಾ ದ್ವೀಪದ ಪಾಠಕ್ಕೆ ಬಂದಾಗ ಮೇಡಂ ಮೊದಲು ಬಿಡಿಸಿದ್ದೇ ಈ ಅಭ್ಯಾಸವನ್ನು. ಅಲ್ಲಿ ಬಿರುಕು ಬಿದ್ದರೆ ಕೆಲಸ ಕೆಟ್ಟಂತೆ. ಅದಕ್ಕೇ ಜೇನುಮೇಣ ಮತ್ತು ರಾಳ ಬೆರೆಸುತ್ತಾರೆ. ಜೇನುಮೇಣ ಬಾಗುತ್ತದೆ, ರಾಳ ಹಿಡಿದುಕೊಳ್ಳುತ್ತದೆ. ರಾಳ ಅತಿಯಾದರೆ ಮಾತ್ರ ಪದರ ಒಡೆಯುತ್ತದೆ.

ಜಾವಾ ಬಾಟಿಕ್ ಮೇಲೆ ಡಚ್ಚರ ಆಳ್ವಿಕೆಯ ಕಾಲದ ಪ್ರಭಾವ ಎಂದೊಡನೆ ಎಲ್ಲರೂ ಹೂಗೊಂಚಲಿನ ವಿನ್ಯಾಸದ ಮಾತೆತ್ತುತ್ತಾರೆ. ನಾನು ಬಟ್ಟೆಯಿಂದಲೇ ಶುರುಮಾಡುತ್ತೇನೆ. ಹಿಂದೆ ಜಾವಾಕ್ಕೆ ನಯವಾದ ಹತ್ತಿ ಬಟ್ಟೆ ನಮ್ಮ ಕೋರಮಂಡಲ ತೀರದಿಂದ ಹೋಗುತ್ತಿತ್ತು. 19ನೇ ಶತಮಾನದಲ್ಲಿ ಯುರೋಪಿನ ಗಿರಣಿ ಬಟ್ಟೆ ಆ ಜಾಗ ಹಿಡಿಯಿತು. ಕೈನೂಲಿನ ಒರಟು ಬಟ್ಟೆಯಲ್ಲಿ ನೂಲು ದಪ್ಪಗಿರುವ ಕಡೆ ಮೇಣ ಹರಡಿ ಗೆರೆಯ ಅಂಚು ಕೆಡುತ್ತದೆ. ಒತ್ತಾದ, ಸಮನಾದ ನೇಯ್ಗೆಯಲ್ಲಿ ಕೂದಲೆಳೆಯಂಥ ಗೆರೆಯೂ ನಿಲ್ಲುತ್ತದೆ. ಗಿರಣಿಯ ಗಂಜಿಯನ್ನು ಮೊದಲು ತೊಳೆದು ತೆಗೆದು, ತೆಳುವಾಗಿ ಮತ್ತೆ ಗಂಜಿ ಕೊಡಬೇಕು. ಗಂಜಿ ದಪ್ಪವಾದರೆ ಮೇಣ ಮೇಲೆಯೇ ಕೂತು, ಬಣ್ಣದ ತೊಟ್ಟಿಯಲ್ಲಿ ಸಿಪ್ಪೆಯಂತೆ ಏಳುತ್ತದೆ. ಚಾಂಟಿಂಗ್ ಎಂಬ, ಗೆರೆ ಎಳೆಯುವ ತಾಮ್ರದ ಕೊಳವೆಯಲ್ಲಿನ ಮೇಣ ತಣ್ಣಗಾದರೂ ಅದೇ ಗತಿ. ಅತಿಯಾಗಿ ಕಾದರೆ ಗೆರೆ ಹರಡುತ್ತದೆ.

ಇಂಥ ಬಟ್ಟೆಯ ಮೇಲೆಯೇ ಜಾವಾದ ಉತ್ತರ ಕರಾವಳಿಯ ಪೆಕಲೊಂಗಾನ್‌ನ ಹೂಗೊಂಚಲು ಅರಳಿದ್ದು. ಯುರೋಪ್ ಮೂಲದ ಮತ್ತು ಮಿಶ್ರ ಮೂಲದ ಹೆಂಗಸರು 1840ರ ಸುಮಾರಿನಿಂದ ಅಲ್ಲಿನ ಕರಾವಳಿ ಊರುಗಳಲ್ಲಿ ಕಾರ್ಯಾಗಾರಗಳನ್ನು ನಡೆಸಿದರು. ಎಲಿಜಾ ಫಾನ್ ಜೌಲೆನ್ (1863–1947) ಅವರ, ಸೊಂಟಕ್ಕೆ ಸುತ್ತುವ ಸರೊಂಗ್‌ಗಳ ಮೇಲೆ ಹೆಸರಿನ ಸಹಿಯೂ ಇದೆ. ಆದರೆ ಮೇಣ ಹಿಡಿದ ಕೈಗಳು ಜಾವಾ ಹೆಂಗಸರವು. ಹಿನ್ನೆಲೆಯ ಸಾವಿರಾರು ಚುಕ್ಕಿಗಳನ್ನು ಒಂದೊಂದಾಗಿ ಇಟ್ಟ ಅವರ ಹೆಸರು ಯಾವ ಮೂಲೆಯಲ್ಲೂ ಇಲ್ಲ. ಇದು ನನಗೆ ಇಂದಿಗೂ ಸಂಕಟದ ಸಂಗತಿ.

ಸರೊಂಗ್‌ನ ಅಂಗಗಳು ಮಾತ್ರ ಹಳೆಯವೇ: ಉದ್ದಕ್ಕೆ ಚಾಚಿದ ಮುಖ್ಯ ಭಾಗ ಬಾದಾನ್, ಬೇರೆ ವಿನ್ಯಾಸದ ಅಡ್ಡಪಟ್ಟಿ ಕೆಪಾಲಾ, ಅಂಚು. ಕೆಪಾಲಾದಲ್ಲಿ ಎದುರುಬದುರಾಗಿ ನಿಲ್ಲುತ್ತಿದ್ದ ತ್ರಿಕೋನಗಳ ಜಾಗಕ್ಕೆ ಹೂಗೊಂಚಲು ಬಂತು. ಬಣ್ಣ ಹೆಚ್ಚಿದಷ್ಟೂ ಕೆಲಸ ಹೆಚ್ಚು. ನೀಲಿ ಹಾಕುವಾಗ ಉಳಿದೆಲ್ಲ ಭಾಗಕ್ಕೆ ಎರಡೂ ಮಗ್ಗುಲಲ್ಲಿ ಮೇಣ, ಆಮೇಲೆ ಕುದಿಸಿ ತೆಗೆದು ಕೆಂಪಿಗೆ ಮತ್ತೆ ಮೇಣ. ತೊಟ್ಟಿ ತಣ್ಣಗೇ ಇರಬೇಕು, ಇಲ್ಲದಿದ್ದರೆ ಮೇಣ ಕರಗುತ್ತದೆ.

ಈ ಶ್ರಮವನ್ನು ಯಂತ್ರದಿಂದ ತಪ್ಪಿಸಲು ನೆದರ್ಲೆಂಡ್ಸ್‌ನ ಹಾರ್ಲೆಮ್‌ನ ಕಾರ್ಖಾನೆಯೊಂದು 1850ರ ದಶಕದಲ್ಲಿ ಬಟ್ಟೆಯ ಎರಡೂ ಬದಿಗೆ ರಾಳ ಅಚ್ಚು ಹಾಕಿತು. ರಾಳ ಒಡೆದು ಬಣ್ಣ ಒಳನುಗ್ಗಿ ಗೆರೆಗೆರೆಯಾಯಿತು. ಜಾವಾದವರ ಕಣ್ಣಿಗೆ ಅದು ಕೆಟ್ಟ ಮಾಲು. ಅಂಥ ಬಟ್ಟೆಗೆ ಕೊನೆಗೆ ಒಳ್ಳೆಯ ಮಾರುಕಟ್ಟೆ ಸಿಕ್ಕಿದ್ದು ಪಶ್ಚಿಮ ಆಫ್ರಿಕದಲ್ಲಿ.

ಈಗ ವಿಭಾಗದಲ್ಲಿರುವವರಿಗೆ ಒಂದು ಮಾತು. ಕೈಬಾಟಿಕ್ ಎಂದು ಯಾರಾದರೂ ಬಟ್ಟೆ ಕೊಟ್ಟರೆ ತಿರುವಿ ನೋಡಿ. ಹಿಂಬದಿ ಮಂಕಾಗಿದ್ದರೆ ಅದು ಬರೀ ಮೇಲ್ಮುಖದ ಅಚ್ಚಿರಬಹುದು. ಎರಡೂ ಬದಿ ಸಮವಾಗಿದ್ದರೆ ಚುಕ್ಕಿಗಳನ್ನು ಹೋಲಿಸಿ. ಕೈಯಲ್ಲಿ ಇಟ್ಟ ಚುಕ್ಕಿಗಳ ಗಾತ್ರ ಅಲ್ಲಲ್ಲಿ ಕೊಂಚ ಬದಲಾಗುತ್ತದೆ, ಅಚ್ಚಿನದಾದರೆ ಒಂದೇ ಅಳತೆಯ ದೂರಕ್ಕೆ ಅದೇ ಗುಂಪು ಮತ್ತೆ ಬರುತ್ತದೆ.